ಚಳಿಗಾಲದ ಕೆರೆ ಮತ್ತು ಗಾಳ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಹುತ್ತರಿ ಮುಗಿದು ಕಾಫಿ ಕುಯ್ಲು ಬಿರುಸಾಗಿರುವ ಈ ದಿನಗಳಲ್ಲಿ ಕೊಡಗಿನಿಂದ ನಮಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕೆರೆಮೀನಿನ ಕುರಿತಾಗಿವೆ. ಗಾಳ ಹಾಕುವ ಹವ್ಯಾಸಿಗಳೂ ತೋಟದ ಕೆರೆಯಲ್ಲಿ ಮೀನು ಸಾಕಿರುವ ಬೆಳೆಗಾರರೂ ಕೇಳಿರುವ ಪ್ರಶ್ನೆಗಳು ಹೊರನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ ಕಡೆ ಇದೆ. ನೀರು ತಣ್ಣಗಾದಾಗ ಮೀನಿನ ಹಸಿವೂ ಉಸಿರೂ ಬದಲಾಗುತ್ತವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಗೆಂಡೆ, ರೋಹು ಚೆನ್ನಾಗಿ ಗಾಳಕ್ಕೆ ಬೀಳುತ್ತಿದ್ದವು. ಡಿಸೆಂಬರ್ ಬಂದ ಮೇಲೆ ಬೆಳಿಗ್ಗೆ ಆರು ಗಂಟೆಗೇ ಹೋಗಿ ಕುಳಿತರೂ ಬೆಂಡು ಅಲುಗುವುದಿಲ್ಲ. ಮೀನುಗಳೆಲ್ಲ ಎಲ್ಲಿಗೆ ಹೋದವು?
(ಸೋಮವಾರಪೇಟೆ ತಾಲ್ಲೂಕಿನ ಓದುಗರು)

ಉತ್ತರ: ಮೀನುಗಳು ಕೆರೆಯಲ್ಲೇ ಇವೆ, ಅವುಗಳಿಗೆ ಹಸಿವಿಲ್ಲ. ಮೀನಿನ ಮೈಯ ಬಿಸಿ ಸುತ್ತಲಿನ ನೀರಿನ ಬಿಸಿಯನ್ನೇ ಅನುಸರಿಸುವುದರಿಂದ ನೀರು ತಣ್ಣಗಾದಷ್ಟೂ ಅದರ ಜೀರ್ಣಶಕ್ತಿ ನಿಧಾನವಾಗುತ್ತದೆ. ಒಮ್ಮೆ ತಿಂದದ್ದು ಕರಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಉತ್ತರದ ನದಿಗಳಿಂದ ನಮ್ಮ ಕೆರೆಗಳಿಗೆ ಬಂದ ಮೀನುಗಳು. ನೀರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅವು ಚೆನ್ನಾಗಿ ತಿಂದು ಬೆಳೆಯುತ್ತವೆ, 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಮಂಕಾಗುತ್ತವೆ. ಸಾಮಾನ್ಯ ಗೆಂಡೆ ಮಾತ್ರ ತಂಪು ದೇಶಗಳ ಮೂಲದ್ದಾದ್ದರಿಂದ ಚಳಿಯನ್ನು ಇವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಚಳಿಗಾಲದಲ್ಲಿ ನಿಮ್ಮ ಗಾಳಕ್ಕೆ ಏನಾದರೂ ಬಿದ್ದರೆ ಅದು ಹೆಚ್ಚಾಗಿ ಗೆಂಡೆಯೇ ಆಗಿರುತ್ತದೆ.

ನೀವು ಆರಿಸಿಕೊಂಡಿರುವ ಹೊತ್ತು ಬೇಸಿಗೆಗೆ ಸರಿಯಾದದ್ದು, ಈಗಿನದ್ದಕ್ಕಲ್ಲ. ಬೆಳಗಿನ ಆರು ಗಂಟೆಗೆ ಕೆರೆಯ ಮೇಲ್ನೀರು ದಿನದಲ್ಲೇ ಅತಿ ತಣ್ಣಗಿರುತ್ತದೆ. ಅದೇ ಹೊತ್ತಿನಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕವೂ ದಿನದ ಕನಿಷ್ಠ ಮಟ್ಟದಲ್ಲಿರುತ್ತದೆ, ಏಕೆಂದರೆ ರಾತ್ರಿಯಿಡೀ ಪಾಚಿ, ಜೊಂಡು, ಮೀನು ಎಲ್ಲವೂ ಉಸಿರಾಡಿ ಅದನ್ನು ಬಳಸಿರುತ್ತವೆ, ಬಿಸಿಲಿಲ್ಲದೆ ಹೊಸದು ಹುಟ್ಟಿರುವುದಿಲ್ಲ. ಮಂಜು ಕರಗಿ ಬಿಸಿಲು ಏರಿದ ಮೇಲೆ, ಅಂದರೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಕುಳಿತು ನೋಡಿ.

ಜಾಗವನ್ನೂ ಬಿಸಿಲನ್ನು ನೋಡಿಯೇ ಆರಿಸಬೇಕು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಕೆರೆಯ ದಕ್ಷಿಣ ದಡದ ಮರಗಳ ನೆರಳು ಆ ದಡದ ನೀರಿನ ಮೇಲೆಯೇ ಬೀಳುತ್ತದೆ. ಉತ್ತರದ ದಡಕ್ಕೆ ದಿನವಿಡೀ ಬಿಸಿಲು ಸಿಗುತ್ತದೆ. ಬೆಳಗಿನ ಬಿಸಿಲು ಮೊದಲು ತಾಗುವುದು ಪಡುವಣ ದಡಕ್ಕೆ. ಈ ತಿಂಗಳುಗಳಲ್ಲಿ ಬೀಸುವ ಮೂಡಣ ಗಾಳಿಯೂ ಬಿಸಿಯಾದ ಮೇಲ್ನೀರನ್ನು ಅದೇ ಕಡೆಗೆ ತಳ್ಳುತ್ತದೆ. ಹಾಗಾಗಿ ನಿಮ್ಮ ಕೆರೆಯ ವಾಯವ್ಯ ಮೂಲೆಯಲ್ಲಿ ಮೂರರಿಂದ ಐದು ಅಡಿ ಆಳವಿದ್ದು ಸ್ವಲ್ಪ ಜೊಂಡೂ ಇದ್ದರೆ ಬೇರೆ ಕಡೆ ಹುಡುಕುವ ಅಗತ್ಯವಿಲ್ಲ. ಇಡೀ ಕೆರೆಯ ನೀರು ಒಂದೇ ಸಮ ಎಂದು ದಡದಲ್ಲಿ ನಿಂತವರಿಗೆ ಅನಿಸುತ್ತದೆ, ಆದರೆ ಒಂದೆರಡು ಡಿಗ್ರಿಯ ವ್ಯತ್ಯಾಸವೂ ಮೀನಿಗೆ ಗೊತ್ತಾಗುತ್ತದೆ.

ಎರೆಯನ್ನು ಚಿಕ್ಕದು ಮಾಡಿ. ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಗೆ ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ ನಾದಿ, ಮಳೆಗಾಲದಲ್ಲಿ ನೆಲ್ಲಿಕಾಯಿ ಗಾತ್ರದಷ್ಟು ಕಟ್ಟುತ್ತಿದ್ದರೆ ಈಗ ಕಡಲೆ ಕಾಳಿನಷ್ಟು ಕಟ್ಟಿರಿ. ಕೊಕ್ಕೆಯೂ ದಾರವೂ ಒಂದು ಅಳತೆ ಸಣ್ಣದಿರಲಿ. ಗೆಂಡೆಗೆ ಎರೆಹುಳು ಈಗಲೂ ಒಳ್ಳೆಯ ಎರೆಯೇ. ಮೀನನ್ನು ಸೆಳೆಯಲು ನೀರಿಗೆ ಚೆಲ್ಲುವ ತೌಡು, ಹಿಂಡಿಗಳನ್ನು ಒಂದು ಹಿಡಿಗೆ ಇಳಿಸಿ. ಹಸಿವಿಲ್ಲದ ಮೀನಿನ ಮುಂದೆ ಬುಟ್ಟಿ ತುಂಬ ತಿಂಡಿ ಸುರಿದರೆ ಅದು ನಿಮ್ಮ ಕೊಕ್ಕೆಯ ಕಡೆಗೆ ತಿರುಗಿಯೂ ನೋಡುವುದಿಲ್ಲ, ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಬೆಂಡು ಮುಳುಗುವವರೆಗೆ ಕಾಯಬೇಡಿ. ಚಳಿಯಲ್ಲಿ ಗೆಂಡೆ ಎರೆಯನ್ನು ತುಟಿಯಲ್ಲಿ ಹಿಡಿದು ನಿಂತಲ್ಲೇ ನಿಲ್ಲುವುದುಂಟು. ಬೆಂಡು ಸುಮ್ಮನೆ ಅಡ್ಡ ಮಲಗುವುದು ಅಥವಾ ಒಂದು ಗೇಣು ಪಕ್ಕಕ್ಕೆ ಸರಿಯುವುದೇ ನಿಮಗೆ ಸಿಗುವ ಸೂಚನೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಾಡಿನ ಅಂಚಿನ ಕೆರೆಗಳಿಗೆ ಸಂಜೆ ಆನೆ ಇಳಿಯುತ್ತದೆ. ನಾಲ್ಕು ಗಂಟೆಯ ನಂತರ ಮೀನು ಎಷ್ಟೇ ಚೆನ್ನಾಗಿ ಕಚ್ಚುತ್ತಿದ್ದರೂ ಎದ್ದು ಬನ್ನಿ, ಒಬ್ಬರೇ ಎಂದೂ ಹೋಗಬೇಡಿ.

ಪ್ರಶ್ನೆ: ಹೊರದೇಶದವರ ವೀಡಿಯೊಗಳಲ್ಲಿ ಚಳಿಗಾಲದ ಮೀನು ಕೆರೆಯ ಅತಿ ಆಳದಲ್ಲಿರುತ್ತದೆ ಎನ್ನುತ್ತಾರೆ. ಹಾರಂಗಿ ಹಿನ್ನೀರಿನಲ್ಲಿ ನಾನೂ ಆಳಕ್ಕೇ ಗಾಳ ಬಿಟ್ಟು ನೋಡಿದೆ, ಏನೂ ಸಿಗಲಿಲ್ಲ.
(ಕುಶಾಲನಗರ ಕಡೆಯ ಓದುಗರು)

ಉತ್ತರ: ಅವರು ಹೇಳಿದ್ದು ಅವರ ಕೆರೆಗಳಿಗೆ ಸತ್ಯ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೇರುತ್ತದೆ, ಕೊನೆಗೆ ಮೇಲೆಯೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮಂಜುಗಡ್ಡೆ ಮುಚ್ಚಿದ ಕೆರೆಯಲ್ಲಿ ತಳದ ನೀರೇ ಹೆಚ್ಚು ಬೆಚ್ಚಗಿರುತ್ತದೆ, ಮೀನು ಅಲ್ಲಿಗೆ ಇಳಿಯುತ್ತದೆ, ಗಡ್ಡೆಗೆ ತೂತು ಕೊರೆದು ಆಳಕ್ಕೆ ಗಾಳ ಬಿಡುವುದು ಅಲ್ಲಿನ ಕ್ರಮವಾಗಿದೆ.

ಕೊಡಗಿನ ನೀರು ಎಂದೂ ಆ ಮಟ್ಟಕ್ಕೆ ತಣಿಯುವುದಿಲ್ಲ. ನಮ್ಮಲ್ಲಿ ರಾತ್ರಿ ತಣ್ಣಗಾದ ಮೇಲ್ನೀರು ಭಾರವಾಗಿ ಕೆಳಗಿಳಿಯುವುದರಿಂದ ತಳವೇ ಹೆಚ್ಚು ತಂಪು. ಅದೂ ಅಲ್ಲದೆ ಆಳವಾದ ಜಲಾಶಯದ ತಳದಲ್ಲಿ ಮುಳುಗಿದ ಗಿಡಮರ, ಎಲೆಗಳು ಕೊಳೆಯುತ್ತಿರುತ್ತವೆ, ಅಲ್ಲಿ ಆಮ್ಲಜನಕ ಕಡಿಮೆ. ಡಿಸೆಂಬರ್ ಕೊನೆಯ ಹೊತ್ತಿಗೆ ಮೇಲಿನ ಮತ್ತು ಕೆಳಗಿನ ನೀರು ಬೆರೆಯತೊಡಗಿದಾಗ ಕೆಲವು ದಿನ ನೀರಿನ ಬಣ್ಣ ಬದಲಾಗಿ ಮೀನು ಏನನ್ನೂ ಮುಟ್ಟದಿರುವುದೂ ಉಂಟು. ಹಾರಂಗಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ. ನಾಲೆಗೆ ನೀರು ಬಿಟ್ಟಂತೆ ಚಳಿಗಾಲದಲ್ಲಿ ಆ ಮಟ್ಟ ಇಳಿಯುತ್ತಾ ಹೋಗುತ್ತದೆ, ದಡ ಪ್ರತಿ ವಾರ ಬೇರೆಯಾಗುತ್ತದೆ. ಹಳೆಯ ಹಳ್ಳದ ಕಣಿವೆ ಹಿನ್ನೀರಿಗೆ ಸೇರುವಲ್ಲಿ, ಇಳಿಜಾರಾದ ದಡದ ಬಿಸಿಲು ಬೀಳುವ ಕಡೆ, ಆರೇಳು ಅಡಿ ಆಳಕ್ಕೆ ಗಾಳ ಹಾಕಿ. ಅಣೆಕಟ್ಟೆಯ ಸಮೀಪಕ್ಕೆ ಮಾತ್ರ ಹೋಗಬೇಡಿ, ಅದು ನಿರ್ಬಂಧಿತ ಪ್ರದೇಶ.

ಪ್ರಶ್ನೆ: ನಮ್ಮದು ಮುಕ್ಕಾಲು ಎಕರೆಯ ತೋಟದ ಕೆರೆ, ಒಂದು ತೋಡಿನಿಂದ (ಸಣ್ಣ ಹಳ್ಳದಿಂದ) ನೀರು ಬರುತ್ತದೆ. ಕಳೆದ ವರ್ಷ ಜನವರಿಯ ಒಂದು ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಮಧ್ಯಾಹ್ನದೊಳಗೆ ದೊಡ್ಡ ಕಾಟ್ಲಾಗಳು ಸತ್ತು ತೇಲಿದವು. ಯಾರೋ ವಿಷ ಹಾಕಿದ್ದಾರೆಂದು ಮನೆಯವರ ಅನುಮಾನ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚಿರುತ್ತದೆ ಎಂದು ಓದಿದ್ದೇನೆ, ಹಾಗಿದ್ದರೆ ಇದು ಹೇಗಾಯಿತು?
(ನಾಪೋಕ್ಲು ಸಮೀಪದ ಬೆಳೆಗಾರರು)

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ, ಏಕೆಂದರೆ ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಕೆರೆಯಲ್ಲೂ ಹೀಗೆಯೇ ಆಗಿತ್ತು. ನಾವೂ ಮೊದಲು ವಿಷವೆಂದೇ ತಿಳಿದೆವು. ಆಮೇಲೆ ತೋಡಿನ ಗುಂಟ ಮೇಲಕ್ಕೆ ನಡೆದು ಹೋದಾಗ ಎರಡು ತೋಟಗಳ ಆಚೆ ಕಾಫಿ ಪಲ್ಪರ್‌ನ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ) ತೊಳೆನೀರು ನೇರವಾಗಿ ತೋಡಿಗೆ ಬೀಳುತ್ತಿದ್ದುದು ಕಂಡಿತು. ಆ ನೀರಿನ ಹುಳಿ ವಾಸನೆ ನನಗೆ ಇಂದಿಗೂ ನೆನಪಿದೆ.

ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ ಎಂದು ನೀವು ಓದಿರುವುದು ಸರಿ. 30 ಡಿಗ್ರಿಯ ಶುದ್ಧ ನೀರು ಪ್ರತಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡರೆ 20 ಡಿಗ್ರಿಯ ನೀರು ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. ಆದರೆ ಅದು ನೀರಿಗೆ ಇರುವ ಸಾಮರ್ಥ್ಯ ಮಾತ್ರ. ಅದರಲ್ಲಿ ವಾಸ್ತವವಾಗಿ ಎಷ್ಟು ಉಳಿದಿದೆ ಎಂಬುದು ಬೇರೆ ಲೆಕ್ಕ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜದ ಮೇಲಿನ ಲೋಳೆಯನ್ನು ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ಅಂಶಗಳು ತುಂಬಿರುತ್ತವೆ. ಅದು ಹುದುಗಿ ಹುಳಿಯಾಗುತ್ತದೆ, ಅದನ್ನು ತಿಂದು ಹೆಚ್ಚುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಗೆಂಡೆ ಜಾತಿಯ ಮೀನು ಆರಾಮವಾಗಿರುತ್ತದೆ, 2ಕ್ಕೆ ಇಳಿದರೆ ಮೇಲೆ ಬಂದು ಬಾಯಿ ಬಿಡುತ್ತದೆ. ಮಳೆಗಾಲದಲ್ಲಾಗಿದ್ದರೆ ತುಂಬಿದ ತೋಡು ಈ ಹೊಲಸನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಪಲ್ಪಿಂಗ್ ನಡೆಯುವುದೇ ತೋಡು ಬಡಕಲಾದ ನವೆಂಬರ್‌ನಿಂದ ಫೆಬ್ರುವರಿಯ ನಡುವೆ, ಹೊಲಸನ್ನು ತೆಳುವಾಗಿಸಲು ನೀರೇ ಇಲ್ಲದ ಕಾಲದಲ್ಲಿ.

ದೊಡ್ಡ ಕಾಟ್ಲಾಗಳು ಮೊದಲು ಸತ್ತವು ಎಂಬ ನಿಮ್ಮ ವಿವರವೂ ಉಸಿರುಕಟ್ಟಿದ ಸಾವನ್ನೇ ಸೂಚಿಸುತ್ತದೆ. ಆಮ್ಲಜನಕ ಕುಸಿದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸೋಲುತ್ತವೆ; ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ, ಚೇಳುಮೀನುಗಳು ಬದುಕಿ ಉಳಿಯುತ್ತವೆ. ಕೀಟನಾಶಕದ ವಿಷವಾಗಿದ್ದರೆ ಚಿಕ್ಕ ದೊಡ್ಡವೆನ್ನದೆ, ಕಪ್ಪೆ ಮತ್ತು ನೀರುಹುಳಗಳ ಸಮೇತ ಸಾಯುತ್ತಿದ್ದವು. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮೂರು ನಾಲ್ಕು ದಿನ ಮೋಡ ಕವಿದರೂ ಪಾಚಿ ಹೆಚ್ಚಿರುವ ಕೆರೆಯಲ್ಲಿ ಇದೇ ಲಕ್ಷಣ ಕಾಣಬಹುದು, ಆಗ ನೀರಿಗೆ ಹುಳಿ ವಾಸನೆ ಇರುವುದಿಲ್ಲ.

ಮತ್ತೆ ಹಾಗಾದರೆ ಮಾಡಬೇಕಾದ ಮೊದಲ ಕೆಲಸವೆಂದರೆ ತೋಡಿನಿಂದ ಬರುವ ನೀರನ್ನು ಬೇರೆ ಕಡೆಗೆ ತಿರುಗಿಸುವುದು. ಎರಡನೆಯ ಉಪಾಯ ನಿಮ್ಮ ಶೆಡ್ಡಿನಲ್ಲೇ ಇದೆ: ಕಾಫಿ ಹೂವಿಗೆ ನೀರು ಹಾಯಿಸಲು ಇಟ್ಟಿರುವ ಸ್ಪ್ರಿಂಕ್ಲರ್ ಎಂಜಿನ್ನನ್ನು ತಂದು, ಕೆರೆಯ ನೀರನ್ನೇ ಎತ್ತಿ ಕೆರೆಗೇ ಮಳೆಯಂತೆ ಚಿಮ್ಮಿಸಿ. ಗಾಳಿಯಲ್ಲಿ ಹಾದು ಬೀಳುವ ಪ್ರತಿಯೊಂದು ಹನಿಯೂ ಆಮ್ಲಜನಕವನ್ನು ಹೊತ್ತು ತರುತ್ತದೆ. ಮುಂಜಾವದ ಮೂರು ಗಂಟೆಯಿಂದ ಬಿಸಿಲು ಏರುವವರೆಗೆ ಓಡಿಸಿದರೆ ಸಾಕು. ಮೇವು, ಸೆಗಣಿ ಎರಡನ್ನೂ ಪೂರ್ತಿ ನಿಲ್ಲಿಸಿ. ಸತ್ತ ಮೀನನ್ನು ಹೂತುಹಾಕಿ, ತಿನ್ನಬೇಡಿ, ಯಾರಿಗೂ ಕೊಡಬೇಡಿ.

ಪಲ್ಪರ್ ಇಟ್ಟುಕೊಂಡಿರುವ ಓದುಗರಿಗೂ ಇಲ್ಲಿ ಒಂದು ವಿನಂತಿ. ತೊಳೆನೀರನ್ನು ಪ್ಲಾಸ್ಟಿಕ್ ಹಾಸಿದ ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆದು, ಹಂತ ಹಂತವಾಗಿ ಸಂಸ್ಕರಿಸಬೇಕು. ಸಂಸ್ಕರಿಸದೆ ತೋಡಿಗೆ ಬಿಡುವುದು ಕಾನೂನಿಗೆ ವಿರುದ್ಧ. ಪಲ್ಪಿಂಗ್ ನೀರನ್ನೇ ಮರಳಿ ಬಳಸುವುದರಿಂದ, ಲೋಳೆಯನ್ನು ಯಂತ್ರದಲ್ಲೇ ತೆಗೆಯುವುದರಿಂದ ಹೊರಹೋಗುವ ನೀರಿನ ಪ್ರಮಾಣ ಬಹಳಷ್ಟು ತಗ್ಗುತ್ತದೆ. ಕೊಡಗಿನ ತೋಡುಗಳೆಲ್ಲ ಒಂದಲ್ಲ ಒಂದು ಹೊಳೆಗೆ ಸೇರುತ್ತವೆ. ನಿಮ್ಮ ಕೆಳಗಿನ ತೋಟದವರ ಕೆರೆ ಮಾತ್ರವಲ್ಲ, ಅದರ ಕೆಳಗಿನ ಊರಿನ ಕುಡಿಯುವ ನೀರೂ ಇದರಲ್ಲಿ ಸೇರಿದೆ. ದೂರು ಕೊಡುವ ಮೊದಲು ನಾವು ಮೇಲಿನ ತೋಟದವರ ಜೊತೆ ಕುಳಿತು ಮಾತನಾಡಿದೆವು. ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ, ಮರುವರ್ಷ ಗುಂಡಿ ತೋಡಿಸಿದರು. ಮಾತಿನಿಂದ ಆಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಸತ್ತ ಮೀನಿನ ಚಿತ್ರದ ಜೊತೆಗೆ ಆ ದಿನವೇ ಶುಚಿಯಾದ ಬಾಟಲಿಯಲ್ಲಿ ತೋಡಿನ ನೀರನ್ನೂ ಹಿಡಿದಿಟ್ಟುಕೊಳ್ಳಿ.

ಪ್ರಶ್ನೆ: ಕೆರೆಯ ಕೊರವ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳು ಕಾಣಿಸಿಕೊಂಡಿವೆ. ತಿನ್ನಬಹುದೇ? ಉಳಿದ ಮೀನಿಗೆ ಹರಡುತ್ತದೆಯೇ?
(ವಿರಾಜಪೇಟೆಯ ಓದುಗರು)

ಉತ್ತರ: ಇದು ಚಳಿಗಾಲದಲ್ಲೇ ಹೆಚ್ಚಾಗಿ ಕಾಣುವ ಹುಣ್ಣು ರೋಗ. ಭಾರತಕ್ಕೆ 1988ರಲ್ಲಿ ಬಂತು. ಅಫನೋಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿ ಇದಕ್ಕೆ ಮೂಲ. ನೀರು ತಣ್ಣಗಾಗಿ ಮೀನಿನ ರೋಗ ತಡೆಯುವ ಶಕ್ತಿ ಕುಂದಿದಾಗ ಚರ್ಮದೊಳಗೆ ಇಳಿದು ಮಾಂಸವನ್ನೇ ತಿನ್ನುತ್ತದೆ. ಕೊರವ ಮತ್ತು ಸಣ್ಣ ಕಾಡುಮೀನುಗಳಿಗೆ ಮೊದಲು ತಗಲುತ್ತದೆ, ಕಾಟ್ಲಾ, ರೋಹು ಮರಿಗಳಿಗೂ ಹರಡಬಲ್ಲದು. ಸಾಮಾನ್ಯ ಗೆಂಡೆ ಇದನ್ನು ತಡೆದುಕೊಳ್ಳುತ್ತದೆ. ಮನುಷ್ಯರಿಗೆ ಈ ಜೀವಿ ಅಂಟುವುದಿಲ್ಲವಾದರೂ ಹುಣ್ಣಾದ ಮೀನನ್ನು ತಿನ್ನಬಾರದು, ಹುಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ.

ಕೊಡಗಿನ ಮಣ್ಣು ಹುಳಿ, ಆದ್ದರಿಂದ ಕೆರೆಯ ನೀರೂ ಹುಳಿಯ ಕಡೆಗೆ ವಾಲಿರುತ್ತದೆ. ಅಕ್ಟೋಬರ್ ಕೊನೆಗೆ, ಚಳಿ ಇಳಿಯುವ ಮೊದಲೇ, ನೀರಿನ ಪಿ.ಎಚ್. ಪರೀಕ್ಷಿಸಿಕೊಂಡು ಎಕರೆಗೆ 40ರಿಂದ 80 ಕಿಲೋ ಸುಣ್ಣವನ್ನು ಎರಡು ಮೂರು ಕಂತಿನಲ್ಲಿ ಹಾಕುವುದು ಒಳ್ಳೆಯ ರೂಢಿ. ರೋಗ ಬಂದಾಗಿದ್ದರೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಎಂಬ ದ್ರಾವಣವನ್ನು ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ ಒಂದು ಲೀಟರಿನಂತೆ, ಅಂದರೆ ಎಕರೆಗೆ ಸುಮಾರು 400 ಮಿಲಿಲೀಟರ್, ನೀರಿನಲ್ಲಿ ಕಲಸಿ ಕೆರೆಯ ತುಂಬ ಎರಚಬೇಕು. ರೋಗದ ಕೆರೆಯಲ್ಲಿ ಬಳಸಿದ ಬಲೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸದೆ ಇನ್ನೊಂದು ಕೆರೆಗೆ ಇಳಿಸಬೇಡಿ. ಪಕ್ಕದ ತೋಟದವರು ಬಲೆ ಕೇಳಿದರೆ ಕಾರಣ ಹೇಳಿ ನಿರಾಕರಿಸುವುದೇ ಅವರಿಗೆ ಮಾಡುವ ಉಪಕಾರ.

ಪ್ರಶ್ನೆ: ಫೆಬ್ರುವರಿಯಲ್ಲಿ ರೊಬಸ್ಟಾ ಹೂವಿಗೆ ಕೆರೆಯ ನೀರನ್ನೇ ಎತ್ತುತ್ತೇವೆ. ಮೀನನ್ನು ಅದಕ್ಕಿಂತ ಮೊದಲು ಹಿಡಿಯಬೇಕೇ, ನೀರು ಇಳಿದ ಮೇಲೆ ಹಿಡಿದರೆ ಸುಲಭವಲ್ಲವೇ?
(ಸಿದ್ದಾಪುರದ ಬೆಳೆಗಾರರು)

ಉತ್ತರ: ಸುಲಭವೇ, ಆದರೆ ನಷ್ಟ ಹೆಚ್ಚು. ಮೊಣಕಾಲುದ್ದಕ್ಕೆ ಇಳಿದ ಕೆಸರು ನೀರಿನಲ್ಲಿ ಮೀನು ಒತ್ತೊತ್ತಾಗಿ ಸೇರಿ ಒಂದೇ ರಾತ್ರಿಯಲ್ಲಿ ಸಾಯಬಹುದು, ಬದುಕಿದ್ದಕ್ಕೂ ಕೆಸರಿನ ವಾಸನೆ ಹತ್ತುತ್ತದೆ. ಜನವರಿ ಕೊನೆಯೊಳಗೆ ದೊಡ್ಡ ಮೀನುಗಳನ್ನು ಎಳೆಬಲೆಯಲ್ಲಿ ಎರಡು ಮೂರು ಸಲವಾಗಿ ಹಿಡಿದು, ಸಣ್ಣವನ್ನು ಕೆರೆಯ ಆಳದ ಭಾಗದಲ್ಲಿ ಉಳಿಸಿಕೊಳ್ಳಿ. ಅಲ್ಲಿ ಕನಿಷ್ಠ ನಾಲ್ಕೈದು ಅಡಿ ನೀರು ನಿಲ್ಲುವಂತೆ ಪಂಪು ನೀರೆಳೆಯುವ ಕಾಲುಕೊಳವೆಯ ಎತ್ತರವನ್ನು ನಿಗದಿ ಮಾಡಿ. ಹಿಡಿಯುವ ಹಿಂದಿನ ದಿನ ಮೇವು ಹಾಕಬೇಡಿ. ಚಳಿಗಾಲದ ಬೆಳಗಿನಲ್ಲಿ ಹಿಡಿದ ಮೀನು ಬೇಸಿಗೆಯದ್ದಕ್ಕಿಂತ ಹೆಚ್ಚು ಹೊತ್ತು ಕೆಡದೆ ಇರುತ್ತದೆ, ಮಾರಲು ಕೊಂಡೊಯ್ಯುವವರಿಗೆ ಅದೊಂದು ಅನುಕೂಲ.

ಸಾಮಾನ್ಯ ಗೆಂಡೆ ಜನವರಿಯಿಂದ ಮಾರ್ಚ್‌ವರೆಗೆ ನಿಂತ ನೀರಿನಲ್ಲೇ ಜೊಂಡಿಗೆ ಅಂಟಿಸಿ ಮೊಟ್ಟೆ ಇಡುತ್ತದೆ. ಕಾಟ್ಲಾ, ರೋಹುಗಳು ಹಾಗಲ್ಲ, ಅವುಗಳಿಗೆ ಮಳೆಗಾಲದ ಹರಿವು ಬೇಕು, ಕೆರೆಯಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಆದ್ದರಿಂದ ಗೆಂಡೆಯ ಮರಿ ಬೇಕೆಂದಿರುವವರು ಈ ತಿಂಗಳು ಅಂಚಿನ ಜೊಂಡನ್ನು ಪೂರ್ತಿ ಕೀಳಿಸಬೇಡಿ.

ಪ್ರಶ್ನೆ: ಹಾರಂಗಿ ಹಿನ್ನೀರಿನಲ್ಲಿ ಗೆಂಡೆಗೆ ಹಾಕಿದ್ದ ಗಾಳಕ್ಕೆ ಒಂದೂವರೆ ಕಿಲೋದ ಮಹಶೀರ್ ಬಿತ್ತು. ಹಿಡಿದದ್ದು ತಪ್ಪೇ?
(ಹೆಸರು ಬೇಡವೆಂದ ಓದುಗರು)

ಉತ್ತರ: ತಿಳಿಯದೆ ಬಿದ್ದದ್ದಕ್ಕೆ ನಿಮ್ಮನ್ನು ದೂರಲಾರೆ, ಆದರೆ ಬಿಟ್ಟುಬಿಡಬೇಕಿತ್ತು ಎಂದು ಮನಸ್ಸಿನಿಂದ ಹೇಳುತ್ತೇನೆ. ಕಾವೇರಿ ಕೊಳ್ಳವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ. ನೀಲಿ ರೆಕ್ಕೆಯ ದಖ್ಖನ್ ಮಹಶೀರ್‌ಗೆ ಅಷ್ಟು ಆಪತ್ತಿಲ್ಲ, ಆದರೆ ಮರಿಯಿರುವಾಗ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ಯಾವ ಮಹಶೀರ್ ಬಿದ್ದರೂ ಬಿಡುವುದೇ ಸರಿಯಾದ ದಾರಿ. ವಾಲ್ನೂರಿನ ಬಳಿ ಕಾವೇರಿಯಲ್ಲಿ ಕೊಡಗು ವನ್ಯಜೀವಿ ಸಂಘದವರು ಹಿಡಿದು ಬಿಡುವ ಕ್ರಮವನ್ನೇ ಪಾಲಿಸಿಕೊಂಡು ಬಂದಿದ್ದಾರೆ.

ಬಿಡುವುದಕ್ಕೂ ಕ್ರಮವಿದೆ. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕುಳದಿಂದ ಒತ್ತಿ ಮಟ್ಟ ಮಾಡಿಕೊಂಡಿರಿ. ಮೀನನ್ನು ದಡದ ಮಣ್ಣಿಗೆ ಎಳೆಯದೆ, ಒದ್ದೆ ಕೈಯಲ್ಲಿ ಹಿಡಿದು, ನೀರಿನೊಳಗೇ ಕೊಕ್ಕೆ ತೆಗೆಯಿರಿ. ಒಣಗಿದ ಕೈ ತಾಗಿದರೆ ಮೈಯ ಲೋಳೆ ಕಿತ್ತು ಬಂದು, ಮೇಲೆ ಹೇಳಿದ ಹುಣ್ಣಿಗೆ ಅಲ್ಲೇ ದಾರಿಯಾಗುತ್ತದೆ. ಹೊಟ್ಟೆಯ ಕೆಳಗೆ ಕೈ ಆನಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಿರಿ. ತಣ್ಣೀರಿನಲ್ಲಿ ದಣಿದ ಮೀನು ಚೇತರಿಸಿಕೊಳ್ಳಲು ಕೆಲವು ನಿಮಿಷಗಳೇ ಬೇಕಾಗಬಹುದು.

ಜಲಾಶಯ, ನದಿಗಳಲ್ಲಿ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಎಂಬುದನ್ನು ಆಯಾ ಜಾಗಕ್ಕೆ ಮೊದಲೇ ವಿಚಾರಿಸಿಕೊಳ್ಳಿ; ಒಳನಾಡು ಮೀನುಗಾರಿಕೆಗೆಂದೇ ಕರ್ನಾಟಕದಲ್ಲಿ 1996ರ ಕಾಯ್ದೆಯಿದೆ. ತೋಟೆ (ಸಿಡಿಮದ್ದು) ಹಾಕುವುದು, ಕಾಡುತೊಗಟೆಯ ರಸವೂ ಸೇರಿದಂತೆ ಯಾವುದೇ ವಿಷ ಬೆರೆಸುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯಂತೆ ಊರವರು ಬಾಗಿನ ಅರ್ಪಿಸುವ ನೀರಿನ ಬಳಿಗೆ ಗಾಳ ಹಿಡಿದು ಹೋಗುವ ಮೊದಲು ಊರ ಹಿರಿಯರನ್ನು ಕೇಳಿ, ಬೇಡವೆಂದರೆ ಹಿಂದಿರುಗಿ.

ಪ್ರಶ್ನೆ: ನೀರುನಾಯಿಗಳು ಕೆರೆಗೆ ಬಂದು ಮೀನು ತಿನ್ನುತ್ತಿವೆ. ಉಪಾಯವೇನು?
(ಪೊನ್ನಂಪೇಟೆ ಕಡೆಯ ಓದುಗರು)

ಉತ್ತರ: ಅವು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿಗಳು, ಉರುಳು ಒಡ್ಡುವುದು ಅಥವಾ ವಿಷವಿಡುವುದು ಅಪರಾಧ. ತೋಡಿನ ತೇವದ ಮಣ್ಣಿನಲ್ಲಿ ಹೆಜ್ಜೆ ನೋಡಿ. ಅದು ತೀರ ಚಿಕ್ಕದಿದ್ದು ಹಿಕ್ಕೆಯಲ್ಲಿ ಏಡಿಯ ಚಿಪ್ಪು ತುಂಬಿದ್ದರೆ ಬಂದಿರುವುದು ಗುಡ್ಡದ ತೋಡುಗಳ ಸಣ್ಣ ನೀರುನಾಯಿ. ಅದರ ಮುಖ್ಯ ಆಹಾರವೇ ಏಡಿ, ನಿಮ್ಮ ಮೀನಿಗೆ ಹೆಚ್ಚಿನ ಹಾನಿಯಿಲ್ಲ. ಹೊಳೆಯ ದೊಡ್ಡ ನೀರುನಾಯಿಯಾದರೆ ಅದು ಗುಂಪಾಗಿ ಬರುತ್ತದೆ, ಮೀನನ್ನೇ ತಿನ್ನುತ್ತದೆ. ಚಳಿಯಲ್ಲಿ ಮೀನು ನಿಧಾನವಾಗಿರುವುದರಿಂದ ಅದಕ್ಕೆ ಬೇಟೆ ಸುಲಭ. ತೋಡು ಕೆರೆಗೆ ಸೇರುವಲ್ಲಿ ಗಟ್ಟಿ ಜಾಲರಿ ಹಾಕಿಸಿ, ದಡದ ಗುಂಟ ಮೊಳದೆತ್ತರದ ತಂತಿಬಲೆ ಕಟ್ಟಿಸಿ, ಕೆರೆಯ ನಡುವೆ ಕಾಫಿ ಕವಾತಿನ ಕೊಂಬೆಗಳ ಹೊರೆಗಳನ್ನು ಮುಳುಗಿಸಿಡಿ. ಮೀನು ಅವುಗಳ ಒಳಗೆ ಅಡಗಿಕೊಳ್ಳುತ್ತದೆ; ಬಲೆ ಎಳೆಯುವ ಹಿಂದಿನ ದಿನ ಆ ಹೊರೆಗಳನ್ನು ಮೇಲೆತ್ತಿಸಲು ಮರೆಯಬೇಡಿ.